ತಮ್ಮನಿಗೆ ಕಿಡ್ನಿ ಕೊಟ್ಟು 14 ವರ್ಷ: ನನ್ನ ಲೆಕ್ಕ

ನಿಮಗೆ 29 ವರ್ಷ, ಮದುವೆಯಾಗಿದೆ, ಇನ್ನೂ ಮಕ್ಕಳಿಲ್ಲ. ಅಣ್ಣ ಡಯಾಲಿಸಿಸ್‌ನಲ್ಲಿದ್ದಾರೆ. ಅವರಿಗೆ ಕಿಡ್ನಿ ಕೊಟ್ಟರೆ ಇಪ್ಪತ್ತು ವರ್ಷ ಆದ ಮೇಲೆ ನನ್ನ ಗತಿ ಏನು ಅಂತ ಕೇಳಿದ್ದೀರಿ. ನಾನು 2011ರಲ್ಲಿ ತಮ್ಮನಿಗೆ ಎಡಗಡೆ ಕಿಡ್ನಿ ಕೊಟ್ಟವಳು. ಆಗ ನನಗೆ 38. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್.

ಮೊದಲು ನನ್ನ ವಿಷಯ. ಆಪರೇಷನ್ ಆಗಿ ಎರಡು ತಿಂಗಳಿಗೆ ಸ್ಕೂಲಿಗೆ ಹೋದೆ. ಓಡಾಟ, ಮನೆಕೆಲಸ ಯಾವುದಕ್ಕೂ ತೊಂದರೆ ಆಗಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸೋ ಕ್ರಿಯಾಟಿನಿನ್ ಮೊದಲು 0.7 ಇತ್ತು, ಆಮೇಲೆ 1.1ಕ್ಕೆ ಏರಿತು, ಇವತ್ತಿಗೂ ಅಲ್ಲೇ ಇದೆ. ಉಳಿದ ಕಿಡ್ನಿ ಸ್ವಲ್ಪ ದಪ್ಪ ಆಗಿ ಜಾಸ್ತಿ ಕೆಲಸ ಮಾಡುತ್ತೆ. ಆದರೂ ಎರಡು ಕಿಡ್ನಿಯ ಪೂರ್ತಿ ಕೆಲಸ ಅದರಿಂದ ಆಗಲ್ಲ, ಹೆಚ್ಚುಕಮ್ಮಿ ಮೂರರಲ್ಲಿ ಎರಡು ಭಾಗ ಮಾಡುತ್ತೆ. ನನ್ನ ಇಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಅನ್ನೋ ಅಂದಾಜು, ಈಗ 60ರ ಆಸುಪಾಸು. ಒಂದು ವರ್ಷ 58 ಬಂದಾಗ ಲ್ಯಾಬಿನವರು ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಸ್ಟೇಜ್ 3’, ಅಂದರೆ ಕಿಡ್ನಿ ಕಾಯಿಲೆಯ ಮೂರನೇ ಹಂತ, ಅಂತ ಪ್ರಿಂಟ್ ಮಾಡಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ನೋಡಿ, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ನಂಬರ್ ವರ್ಷದಿಂದ ವರ್ಷಕ್ಕೆ ಇಳೀತಾ ಇಲ್ಲ, ಒಂದೇ ಕಿಡ್ನಿ ಇರೋರಿಗೆ ಇಷ್ಟೇ ಬರೋದು ಅಂದರು. ಆ ಲ್ಯಾಬಿನ ಕಂಪ್ಯೂಟರಿಗೆ ನಾನು ದಾನಿ ಅಂತ ಹೇಗೆ ಗೊತ್ತಾಗಬೇಕು?

ಈಗ ನಿಮ್ಮ ನಿಜವಾದ ಪ್ರಶ್ನೆ. ‘ಕಿಡ್ನಿ ಕೊಟ್ಟವರು ಎಲ್ಲರ ಹಾಗೇ ಆರಾಮಾಗಿರುತ್ತಾರೆ’ ಅಂತ ಆಸ್ಪತ್ರೆಯಲ್ಲಿ ಹೇಳುತ್ತಾರೆ. ಅದು ಸುಳ್ಳಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 3,698 ದಾನಿಗಳ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದರು. ಅವರ ಆಯಸ್ಸು ಬೇರೆ ಜನರದ್ದಕ್ಕಿಂತ ಕಮ್ಮಿ ಇರಲಿಲ್ಲ. ಆದರೆ ಇಲ್ಲಿ ‘ಎಲ್ಲರೂ’ ಅಂದರೆ ಯಾರು? ಆ ಎಲ್ಲರಲ್ಲಿ ಶುಗರ್ ಇರೋರು, ಬಿಪಿ ಇರೋರು ಸೇರಿದ್ದಾರೆ. ನಮ್ಮನ್ನಾದರೋ ಹತ್ತಾರು ಟೆಸ್ಟ್ ಮಾಡಿ, ಸೋಸಿ ಆರಿಸಿರುತ್ತಾರೆ. ನಮ್ಮಷ್ಟೇ ಗಟ್ಟಿಯಾಗಿದ್ದು ಕಿಡ್ನಿ ಕೊಡದವರ ಪಕ್ಕ ನಿಲ್ಲಿಸಿ ನೋಡಬೇಕು ತಾನೇ? 2014ರಲ್ಲಿ ಅಮೆರಿಕದಲ್ಲೇ 96,000ಕ್ಕೂ ಹೆಚ್ಚು ದಾನಿಗಳನ್ನು ಹಾಗೆ ನೋಡಿದರು. ಜೀವಮಾನದಲ್ಲಿ ಕಿಡ್ನಿ ಪೂರ್ತಿ ಕೈಕೊಡುವ ಸಂಭವ 10,000 ದಾನಿಗಳಲ್ಲಿ ಸುಮಾರು 90 ಜನರಿಗೆ ಅಂತ ಅಂದಾಜು ಮಾಡಿದರು. ಅಷ್ಟೇ ಆರೋಗ್ಯವಂತರಾಗಿದ್ದು ಕೊಡದವರಲ್ಲಿ 14. ಯಾವ ಟೆಸ್ಟೂ ಮಾಡದ ಸಾಮಾನ್ಯ ಜನರಲ್ಲಿ 326. ಅಂದರೆ ದಾನಿಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಮ್ಮಿ. ಆದರೆ ಕೊಡದೇ ಇದ್ದಿದ್ದರೆ ಇರುತ್ತಿದ್ದ ಅಪಾಯಕ್ಕಿಂತ ಜಾಸ್ತಿ. ನನಗೆ ಈ ಎರಡನೇ ಮಾತನ್ನು ಯಾರೂ ಹೇಳಲಿಲ್ಲ. ಹೇಳಿದ್ದರೂ ಕೊಡುತ್ತಿದ್ದೆ ಬಿಡಿ. ಆದರೂ ಹೇಳಬೇಕಿತ್ತು.

ನಿಮ್ಮ ವಿಷಯದಲ್ಲಿ ಎರಡು ಮಾತು ಬೇರೆ ಇವೆ. ನನಗೆ ಆಗ ಇಬ್ಬರು ಮಕ್ಕಳಾಗಿದ್ದರು. ನಿಮಗೆ ಇನ್ನೂ ಆಗಬೇಕು. ದಾನ ಮಾಡಿದ ಮೇಲೆ ಬಸುರಾದವರಲ್ಲಿ ಬಿಪಿ ಏರುವುದು ಜಾಸ್ತಿ. ಕೆನಡಾದಲ್ಲಿ ಲೆಕ್ಕ ಹಾಕಿದಾಗ ಕೊಡದವರಲ್ಲಿ ನೂರಕ್ಕೆ 5, ಕೊಟ್ಟವರಲ್ಲಿ 11 ಬಂತು. ಹೆಚ್ಚಿನವರಿಗೆ ಹೆರಿಗೆ ಚೆನ್ನಾಗೇ ಆಗುತ್ತೆ. ಆದರೆ ಮೊದಲ ತಿಂಗಳಿಂದಲೇ ಡಾಕ್ಟರಿಗೆ ಗೊತ್ತಿರಬೇಕು. ಇನ್ನೊಂದು, ಅಣ್ಣನ ಕಿಡ್ನಿ ಯಾಕೆ ಹೋಯಿತು ಅಂತ ಸರಿಯಾಗಿ ಕೇಳಿ ತಿಳಿದುಕೊಳ್ಳಿ. ಪಾಲಿಸಿಸ್ಟಿಕ್ (ಕಿಡ್ನಿಯಲ್ಲಿ ನಿಧಾನವಾಗಿ ನೀರುಗುಳ್ಳೆ ಬೆಳೆಯೋದು) ಥರ ವಂಶದಲ್ಲಿ ಬರುವ ಕಾಯಿಲೆ ಆಗಿದ್ದರೆ, 29ನೇ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಒಂದರಲ್ಲಿ ಏನೂ ಕಾಣಲಿಲ್ಲ ಅಂತ ಸಮಾಧಾನ ಪಡೋಕೆ ಆಗಲ್ಲ.

ದಿನನಿತ್ಯದಲ್ಲಿ ನನ್ನನ್ನು ಕಾಡುವುದು ನೋವಿನ ಮಾತ್ರೆ, ಅಷ್ಟೇ. ಡೈಕ್ಲೋಫೆನಾಕ್ ಥರದ್ದು ಕಿಡ್ನಿಗೆ ಹಾನಿ ಮಾಡಬಹುದು. ಹೋದ ವರ್ಷ ಮಂಡಿ ಹಿಡಿದುಕೊಂಡಿತು. ಮೆಡಿಕಲ್ ಶಾಪಿನ ಹುಡುಗ ಕೇಳದೇ ಡೈಕ್ಲೋಫೆನಾಕ್ ಸ್ಟ್ರಿಪ್ ಕತ್ತರಿಸಿ ಮುಂದಿಟ್ಟ. “ಬೇಡಪ್ಪ, ನಂಗೆ ಒಂದೇ ಕಿಡ್ನಿ ಇರೋದು” ಅಂದೆ. ಅವನು ನನ್ನ ಮುಖ ನೋಡಿದ, ಹೊಟ್ಟೆ ನೋಡಿದ, ಆಮೇಲೆ ಪ್ಯಾರಾಸಿಟಮಾಲ್ ಕೊಟ್ಟ. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿದ್ದೇನೆ. ಮನೆಯಲ್ಲೇ ಬಿಪಿ ನೋಡಿಕೊಳ್ಳುತ್ತೇನೆ.

ನಮ್ಮ ದೇಶದಲ್ಲಿ ಕಿಡ್ನಿ ಕೊಡೋರಲ್ಲಿ ಹೆಂಗಸರೇ ಜಾಸ್ತಿ. ತಾಯಿ, ಹೆಂಡತಿ, ಅಕ್ಕ, ತಂಗಿ. ಅದಕ್ಕೇ ಕೇಳುತ್ತಿದ್ದೇನೆ, ಇದು ನಿಮ್ಮ ಮನಸ್ಸೋ, ಮನೆಯವರ ಮನಸ್ಸೋ? ಡಾಕ್ಟರ ಹತ್ತಿರ ಒಬ್ಬರೇ ಕೂತು ಮಾತಾಡಿ. ಬೇಡ ಅನಿಸಿದರೆ ಹೇಳಿ. ಕಾರಣ ಬಿಡಿಸಿ ಹೇಳದೇ ‘ಇವರು ಸರಿಹೊಂದಲ್ಲ’ ಅಂತಷ್ಟೇ ಮನೆಯವರಿಗೆ ತಿಳಿಸಿ ಅಂತ ಅವರನ್ನು ಕೇಳಬಹುದು.

ಕೊಟ್ಟರೆ, ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಬಿಪಿ, ಶುಗರ್ ನೋಡಿಸುವುದು ನಿಮ್ಮದೇ ಜವಾಬ್ದಾರಿ. ಆಪರೇಷನ್ ಆದ ಆಸ್ಪತ್ರೆಯಿಂದ ಮೊದಲ ವರ್ಷ ಆದ ಮೇಲೆ ನನಗೆ ಒಂದು ಫೋನೂ ಬಂದಿಲ್ಲ. ತಮ್ಮನ ಮೈಯಲ್ಲಿ ನನ್ನ ಕಿಡ್ನಿ ಹನ್ನೊಂದು ವರ್ಷ ನಡೆಯಿತು. ಈಗ ಅವನಿಗೆ ಮತ್ತೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಪ್ರತಿ ಜೂನ್‌ನಲ್ಲಿ “ಅಕ್ಕಾ, ಟೆಸ್ಟ್ ಮಾಡಿಸಿದ್ಯಾ?” ಅಂತ ಕೇಳೋನು ಅವನೇ. ಅವನ ಜೊತೆ ಹೋಗಿ ಅಲ್ಲೇ ನನ್ನ ರಕ್ತವನ್ನೂ ಕೊಟ್ಟು ಬರುತ್ತೇನೆ.