ಆಪ್ತಸಲಹೆ ಪ್ರಕರಣ: ಒಗ್ಗರಣೆಯ ಘಮ ಕಳೆದುಕೊಂಡ ಖಾನಾವಳಿ ಅಕ್ಕ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಗಂಗಾವತಿ ಕಡೆಯ ಈ ಅಕ್ಕ ಗಂಡನ ಜೊತೆ ಖಾನಾವಳಿ ನಡೆಸುತ್ತಾರೆ. ಜ್ವರ, ನೆಗಡಿ ಬಂದು ಹೋಗಿ ತಿಂಗಳುಗಳೇ ಆಗಿದ್ದವು. ಮೂಗು ಕಟ್ಟಿಲ್ಲ, ಆದರೆ ವಾಸನೆ ಇಲ್ಲ. ಇಎನ್‌ಟಿ ಡಾಕ್ಟರು ಮೂಗಿನೊಳಗೆ ಕ್ಯಾಮೆರಾ ಹಾಕಿ ನೋಡಿ, ದುರ್ಮಾಂಸ ಇಲ್ಲ, ಸೈನಸ್ ಇಲ್ಲ, ವೈರಸ್ಸಿನಿಂದ ಆದದ್ದು ಅಂದಿದ್ದರು. ಆಕೆ ಅಲ್ಲೇ ಅತ್ತುಬಿಟ್ಟಿದ್ದಕ್ಕೆ ನನ್ನ ಹತ್ತಿರ ಕಳಿಸಿದರು.

“ಪುಂಡಿಪಲ್ಯ ತಿಂದ್ರ ಹುಳಿ ಗೊತ್ತಾಗ್ತೈತ್ರಿ ಮೇಡಂ. ಪುಂಡಿಪಲ್ಯ ಅನ್ನೋದು ಗೊತ್ತಾಗಂಗಿಲ್ಲ.”

ಎಷ್ಟು ಸರಿಯಾಗಿ ಹೇಳಿದರು! ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಯ ಕೆಲಸ. ಉಳಿದ ರುಚಿಯೆಲ್ಲ ಬಹುಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ.

ಗಂಡನಿಗೆ ನಂಬಿಕೆ ಇರಲಿಲ್ಲ. “ವಿಕ್ಸ್ ಹಚ್ಚಿದ್ರ ತಿಳೀತೈತಿ, ಮೆಣಸಿನಕಾಯಿ ಹುರಿದ್ರ ಕೆಮ್ಮತಾಳ. ಮೂಗು ಕೆಟ್ಟಿದ್ರ ಇದೆಲ್ಲ ಹೆಂಗ?” ಕೇಳುವಂಥ ಪ್ರಶ್ನೆಯೇ. ತಂಪು, ಘಾಟು, ಉರಿ ತಿಳಿಸುವ ನರ ಬೇರೆ, ವಾಸನೆಯ ನರ ಬೇರೆ ಎಂದು ವಿವರಿಸಿದೆ. ಆಮೇಲೆ ಸ್ವಲ್ಪ ಮೆತ್ತಗಾದರು.

ಎರಡನೇ ಭೇಟಿಗೆ ಮಗಳು ಜೊತೆ ಬಂದಿದ್ದಳು. ಅಸಲಿ ಸಂಕಟ ಆಗ ಗೊತ್ತಾಯಿತು. ಅಕ್ಕ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದರು. ಊಟ ಬಡಿಸಲು ಹೋಗುವ ಮುಂಚೆ ಪ್ರತಿ ಸಲ ಸೆರಗನ್ನು ಮಗಳ ಮೂಗಿಗೆ ಹಿಡಿದು “ನಾರ್ತೈತೇನ, ಖರೇ ಹೇಳು” ಅನ್ನುತ್ತಿದ್ದರು. ಹಳಸಿದ ಸಾರು ಒಮ್ಮೆ ಗಿರಾಕಿಯ ತಟ್ಟೆಗೆ ಹೋದ ಮೇಲೆ ಭಯ ಇನ್ನೂ ಜಾಸ್ತಿಯಾಗಿತ್ತು. ತನ್ನ ಮೈ ವಾಸನೆ ತನಗೇ ತಿಳಿಯದವರಿಗೆ ಈ ಹೆದರಿಕೆ ಬರುವುದು ಮಾಮೂಲು. ನಾಚಿಕೆಯಿಂದ ಹೇಳುವುದಿಲ್ಲ, ಅಷ್ಟೇ. ಬೆಳಿಗ್ಗೆ ಒಂದೇ ಸಲ ಕೇಳುವುದು, ಮಗಳು ನೇರವಾಗಿ ಉತ್ತರ ಹೇಳುವುದು, ಮತ್ತೆ ಕೇಳಿದರೆ “ಬೆಳಿಗ್ಗೆ ಹೇಳೀನಲ್ಲ” ಎಂದು ಸುಮ್ಮನಾಗುವುದು. ಹೀಗೆ ಮೂವರೂ ಒಪ್ಪಿಕೊಂಡರು. ರುಚಿ ನೋಡುವ ಕೆಲಸ ಮಗಳದು, ಉಪ್ಪು ಖಾರ ಚಮಚದ ಅಳತೆಯಲ್ಲೇ, ಉಳಿದ ಅಡುಗೆಯ ಡಬ್ಬಿಗೆ ತಾರೀಕಿನ ಚೀಟಿ. ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ಬಂದ್. ಗ್ಯಾಸ್ ಸೋರಿದರೆ ಕರೆ ಮಾಡಲು 1906 ನಂಬರನ್ನು ಗೋಡೆಗೆ ಅಂಟಿಸಲು ಹೇಳಿದೆ.

ಚಿಕಿತ್ಸೆ ಅಂದರೆ ಡಾಕ್ಟರು ಹೇಳಿದ್ದು ವಾಸನೆಯ ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ ಇದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ದಿನಕ್ಕೆರಡು ಸಲ, 12 ವಾರ. ನಾವು ನಾಲ್ಕು ಸಣ್ಣ ಬಾಟಲಿಗೆ ಹತ್ತಿ ಹಾಕಿ ಗುಲಾಬಿ ಅತ್ತರು, ನೀಲಗಿರಿ ಎಣ್ಣೆ, ನಿಂಬೆ ಸಿಪ್ಪೆ, ಜಜ್ಜಿದ ಲವಂಗ ಇಟ್ಟೆವು. ಒಂದೊಂದನ್ನೂ ಸುಮಾರು 20 ಸೆಕೆಂಡು ಮೆಲ್ಲಗೆ ಮೂಸುವುದು, ಮೊದಲು ಅದರ ವಾಸನೆ ಹೇಗಿತ್ತು ಎಂದು ನೆನೆಸಿಕೊಳ್ಳುವುದು. ಬೇಸರದ ಕೆಲಸ ಇದು, ಸುಳ್ಳು ಹೇಳಲ್ಲ. ಅದಕ್ಕೇ ಗಂಡನನ್ನೂ ಪಕ್ಕದಲ್ಲಿ ಕೂರಿಸಿದೆ. ಮನೆಯವರು ಹೇಳಿದ್ದ ಬೆಳ್ಳುಳ್ಳಿ ರಸ, ಎಣ್ಣೆ ಮೂಗಿಗೆ ಬಿಡುವುದು ಬೇಡವೇ ಬೇಡ ಅಂದೆ. ಸ್ಟೀರಾಯ್ಡ್ ಮಾತ್ರೆಯನ್ನೂ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತರಬಾರದು.

ಎರಡು ತಿಂಗಳ ಹೊತ್ತಿಗೆ ಸಿಟ್ಟಿನಿಂದಲೇ ಬಂದರು. ಉಳ್ಳಾಗಡ್ಡಿ ಒಗ್ಗರಣೆ ಹಾಕಿದರೆ ರಬ್ಬರ್ ಸುಟ್ಟ ವಾಸನೆ, ಕಾಫಿ ಅಂದರೆ ಚರಂಡಿ. “ಇದಕ್ಕಿಂತ ಮೊದಲಿನದೇ ಚಲೋ ಇತ್ತು.” ವಾಸನೆಯ ನರಕೋಶಗಳು ಮತ್ತೆ ಹುಟ್ಟುತ್ತವೆ. ಹೊಸವು ಮೆದುಳಿಗೆ ಸರಿಯಾಗಿ ಜೋಡಣೆಯಾಗುವ ತನಕ ಹೀಗೆ ಆಡುವುದುಂಟು, ಎಷ್ಟೋ ಜನಕ್ಕೆ ಚೇತರಿಕೆಯ ಹಾದಿಯಲ್ಲೇ ಇದು ಬರುತ್ತದೆ ಅಂದೆ. ಬಿಸಿ ಊಟದಿಂದ ವಾಸನೆ ಜಾಸ್ತಿ ಏಳುತ್ತದೆ. ಹಾಗಾಗಿ ತಣ್ಣಗಿನ ಅಂಬಲಿ, ಮೊಸರನ್ನ, ಆರಿದ ರೊಟ್ಟಿ ತಿನ್ನಲು ಹೇಳಿದೆ. ಒಗ್ಗರಣೆ ಸದ್ಯಕ್ಕೆ ಗಂಡನ ಪಾಲಿಗೆ. ತೂಕ ಇಳಿಯುತ್ತಿದ್ದರಿಂದ ತಿಂಗಳಿಗೊಮ್ಮೆ ತೂಗಿಸಲೂ ಹೇಳಿದೆ.

ಈಗ ಲವಂಗ, ನೀಲಗಿರಿ ಗುರುತು ಸಿಗುತ್ತಿವೆ. ಗುಲಾಬಿ ಇನ್ನೂ ಇಲ್ಲ. ಸ್ನಾನ ಒಂದಕ್ಕಿಳಿದಿದೆ. ಪೂರ್ತಿ ಬರುತ್ತದೆ ಎಂದು ನಾನಾಗಲಿ ಡಾಕ್ಟರಾಗಲಿ ಮಾತು ಕೊಟ್ಟಿಲ್ಲ. ವರ್ಷ ದಾಟಿದ ಮೇಲೂ ಸುಧಾರಿಸಿದವರಿದ್ದಾರೆ ಎಂದಷ್ಟೇ ಹೇಳಿದ್ದೇವೆ. ಹೊಸ ನಾಲ್ಕು ಬಾಟಲಿಗೆ ಏನು ಹಾಕಬೇಕು ಎಂದು ಈಗ ಗಂಡ ಹೆಂಡತಿ ನಡುವೆ ವಾದ ನಡೆದಿದೆ. ಆತ ಗುರೆಳ್ಳು ಪುಡಿ ಅನ್ನುತ್ತಾನೆ, ಈಕೆ ಏಲಕ್ಕಿ ಅನ್ನುತ್ತಾರೆ.