ಮನೆ ಬ್ಯಾಂಕಿಗೆ ಬರೆದುಕೊಟ್ಟರೆ ಮಕ್ಕಳು ಏನೆಂದುಕೊಂಡಾರು?

ಪ್ರಶ್ನೆ: ನನಗೆ 64, ನಮ್ಮವರಿಗೆ 70. ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ 18 ಸೆಂಟ್ ಜಾಗದಲ್ಲಿ ನಾವೇ ಕಟ್ಟಿಸಿದ ಮುರಕಲ್ಲಿನ ಮನೆ. ಜಾಗದ ಆಧಾರ (ಕ್ರಯಪತ್ರ) ಅವರ ಹೆಸರಿನಲ್ಲಿದೆ. ಜಿನಸು ಅಂಗಡಿ ಮುಚ್ಚಿದ ಮೇಲೆ ಉಳಿತಾಯ ಕರಗುತ್ತಾ ಬಂತು, ಮದ್ದಿನ ಖರ್ಚು ಮಾತ್ರ ಏರುತ್ತಾ ಇದೆ. ರಿವರ್ಸ್ ಮಾರ್ಟ್‌ಗೇಜ್ ಮಾಡಿ, ಅಂದರೆ ಮನೆ ಅಡವಿಟ್ಟು, ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯೋಣ ಅಂತ ಅವರು ಹೇಳುತ್ತಾರೆ. ಬೆಂಗಳೂರಿನ ಮಗ ಮನೆ ಮಾರಿ ತನ್ನಲ್ಲಿಗೇ ಬನ್ನಿ ಅನ್ನುತ್ತಾನೆ. ಆ ದುಡ್ಡಿನಲ್ಲಿ ಅವನ ಫ್ಲ್ಯಾಟಿನ ಸಾಲ ತೀರುತ್ತದಂತೆ. ಪುತ್ತೂರಿನ ಮಗಳು ಏನೂ ಮಾತಾಡುವುದಿಲ್ಲ. ನಮ್ಮವರು ಹೋದ ಮೇಲೆ ಬ್ಯಾಂಕಿನವರು ನನ್ನನ್ನು ಹೊರಗೆ ಹಾಕಿದರೆ? ಮಕ್ಕಳಿಗೆ ಸೇರಬೇಕಾದ್ದನ್ನು ನಾವೇ ತಿಂದ ಹಾಗಾಗುವುದಿಲ್ವಾ?

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಆಗುವುದಿಲ್ಲ. ಅದು ತರವಾಡಿನ, ಅಂದರೆ ಹಿರಿಯರಿಂದ ಬಂದ ಆಸ್ತಿ ಅಲ್ಲ, ನೀವಿಬ್ಬರು ದುಡಿದು ಕಟ್ಟಿದ್ದು. ಮನೆ ಯಾರ ಹೆಸರಿನಲ್ಲಿದೆಯೋ ಅವರು ಬದುಕಿರುವಷ್ಟು ದಿನ ಅದರ ಮೇಲೆ ಮಕ್ಕಳಿಗೆ ಹಕ್ಕಿಲ್ಲ. ಉಳಿದರೆ ಅವರಿಗೆ, ಉಳಿಯದಿದ್ದರೆ ಇಲ್ಲ, ಅಷ್ಟೇ. ಮಗನ ಫ್ಲ್ಯಾಟಿನ ಸಾಲ ಮಗನದು.

ಇನ್ನು ಬ್ಯಾಂಕಿನ ವಿಷಯ. ಈ ಯೋಜನೆ 2007ರ ಕೇಂದ್ರ ಬಜೆಟ್ಟಿನಲ್ಲಿ ಬಂದದ್ದು, ಇದರ ನಿಯಮ ಮಾಡಿದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕ್. 60 ದಾಟಿದವರಿಗೆ, ತಾವೇ ಸಂಪಾದಿಸಿ ತಾವೇ ವಾಸವಿರುವ ಮನೆಯ ಮೇಲೆ ಕೊಡುವ ಸಾಲ ಇದು. ಕಂತು ಕಟ್ಟುವುದು ನೀವಲ್ಲ, ಬ್ಯಾಂಕೇ ನಿಮಗೆ ಕೊಡುತ್ತದೆ. ನೀವು ಅದೇ ಮನೆಯಲ್ಲಿ ಇರುತ್ತೀರಿ. ಸಾಲ ಪಡೆದವರಲ್ಲಿ ಕೊನೆಯವರು ತೀರಿಕೊಂಡ ಮೇಲೆ, ಇಲ್ಲವೇ ಮನೆ ಮಾರಿದರೆ ಅಥವಾ ಬಿಟ್ಟು ಹೋದರೆ ಮಾತ್ರ ಸಾಲ ವಸೂಲಿಗೆ ಬರುತ್ತದೆ. ಆಗಲೂ ಮೊದಲ ಅವಕಾಶ ವಾರಸುದಾರರಿಗೇ. ಮಕ್ಕಳು ಅಸಲು ಬಡ್ಡಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು. ಬೇಡ ಅಂದರೆ ಬ್ಯಾಂಕ್ ಮಾರಿ ತನ್ನದು ಹಿಡಿದುಕೊಂಡು ಮಿಕ್ಕಿದ್ದನ್ನು ಅವರಿಗೆ ಕೊಡುತ್ತದೆ. ಮಾರಿದ ಹಣ ಸಾಲಕ್ಕೆ ಸಾಲದೆ ಬಂದರೂ ಬಾಕಿಯನ್ನು ಮಕ್ಕಳ ಹತ್ತಿರ ಕೇಳುವ ಹಾಗಿಲ್ಲ.

"ಕೊನೆಯವರು" ಅಂದೆನಲ್ಲ, ನಿಮ್ಮ ಭಯಕ್ಕೆ ಉತ್ತರ ಅಲ್ಲೇ ಇದೆ. ಭಾವ ಒಬ್ಬರೇ ಸಹಿ ಹಾಕಿದರೆ ಸಾಲಗಾರ ಅವರೊಬ್ಬರೇ. ಅವರ ಕಾಲ ಮುಗಿದರೆ ಸಾಲದ ಕಾಲವೂ ಮುಗಿಯಿತು, ಆಮೇಲೆ ನಿಮ್ಮ ಪಾಡು ನಿಜವಾಗಿಯೂ ಕಷ್ಟ. ನಿಮ್ಮ ಹೆಸರೂ ಜಂಟಿಯಾಗಿ ಸೇರಿದ್ದರೆ ನೀವು ಇರುವಷ್ಟು ಕಾಲ ಯಾರೂ ಎಬ್ಬಿಸುವಂತಿಲ್ಲ. ದಂಪತಿಯಲ್ಲಿ ಒಬ್ಬರಿಗೆ 60 ಆಗಿ ಇನ್ನೊಬ್ಬರಿಗೆ 55ರ ಮೇಲೆ ಆಗಿದ್ದರೆ ಸಾಕು ಅಂತ ಮೂಲ ನಿಯಮ. ಕೆಲವು ಬ್ಯಾಂಕು ಸ್ವಲ್ಪ ಜಾಸ್ತಿ ಕೇಳುತ್ತವೆ. ನಿಮಗೆ 64, ತೊಂದರೆ ಇಲ್ಲ. ಇದೊಂದಕ್ಕೆ ಬ್ಯಾಂಕಿನವರು ಆಗುವುದಿಲ್ಲ ಅಂತ ತಲೆ ಅಲ್ಲಾಡಿಸಿದರೆ ಚಾ ಕುಡಿದು ಎದ್ದು ಬನ್ನಿ.

ಇಷ್ಟು ಹೇಳಿದೆ ಅಂತ ಭಾವ ಖುಷಿಪಡುವುದು ಬೇಡ. ಅವರು ಲೆಕ್ಕ ಹಾಕಿದ ಹಾಗೆ ಕಾಣುವುದಿಲ್ಲ. ಮನೆ, ಹಿತ್ತಲು ಎಲ್ಲ ಸೇರಿ 40 ಲಕ್ಷ ಅಂತ ಇಟ್ಟುಕೊಳ್ಳಿ. ಬ್ಯಾಂಕ್ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ, ಅರ್ಧ ಅಂದರೆ 20 ಲಕ್ಷ ಅಂತಿರಲಿ. ಅವಧಿ 15 ವರ್ಷ ಅಂತ ಹಿಡಿಯಿರಿ. ಆದರೆ ಈ 20 ಲಕ್ಷದೊಳಗೆ ಆ 15 ವರ್ಷದ ಬಡ್ಡಿಯೂ ಬಡ್ಡಿಗೆ ಬಡ್ಡಿಯೂ ಸೇರಿಕೊಂಡಿರುತ್ತದೆ. ಬಡ್ಡಿ ಶೇಕಡಾ 10 ಅಂತ ಹಿಡಿದರೆ ನಿಮ್ಮ ಕೈಗೆ ಬರುವುದು ತಿಂಗಳಿಗೆ ಸುಮಾರು 4,800 ರೂಪಾಯಿ! 15 ವರ್ಷಕ್ಕೆ ಒಟ್ಟು ಎಂಟೂವರೆ ಲಕ್ಷದ ಮೇಲೆ ಸ್ವಲ್ಪ. ಉಳಿದದ್ದೆಲ್ಲ ಬಡ್ಡಿ. ಬ್ಯಾಂಕಿನಿಂದ ಬ್ಯಾಂಕಿಗೆ ಬೆಲೆ, ಬಡ್ಡಿ, ಅವಧಿ ಬದಲಾದಾಗ ಮೊತ್ತ ಹೆಚ್ಚುಕಡಿಮೆ ಆಗುತ್ತದೆ ಬಿಡಿ, ಆದರೆ ತಿಂಗಳಿಗೆ ಇಪ್ಪತ್ತು ಸಾವಿರ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ಅದನ್ನು ನಂಬಿ ಕೂರಬೇಡಿ. ಈ ಹಣಕ್ಕೆ ಆದಾಯ ತೆರಿಗೆ ಇಲ್ಲ, ಅದು ಒಳ್ಳೆಯದೇ, ಆದರೆ ನಿಮಗೆ ಹೇಗೂ ತೆರಿಗೆ ಬೀಳುವಷ್ಟು ಆದಾಯ ಇದ್ದ ಹಾಗಿಲ್ಲ.

15 ವರ್ಷ ಆದ ಮೇಲೆ? ಹಣ ನಿಲ್ಲುತ್ತದೆ. ಮನೆಯಲ್ಲಿ ಇರಬಹುದು, ಆದರೆ ಕಂತು ಬರುವುದಿಲ್ಲ, ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಆಗ ನಿಮಗೆ 79. ಕೈಯಲ್ಲಿ ನಿಜಕ್ಕೂ ದುಡ್ಡು ಬೇಕಾಗುವ ವಯಸ್ಸು ಅದೇ ಅಲ್ವಾ?

ಷರತ್ತುಗಳೂ ಇವೆ. ಪಂಚಾಯತಿಗೆ ಕಟ್ಟಡ ತೆರಿಗೆ, ವಿಲೇಜ್ ಆಫೀಸಿಗೆ ಭೂ ತೆರಿಗೆ ತಪ್ಪದೆ ಕಟ್ಟಬೇಕು. ಮನೆಗೆ ವಿಮೆ ಬೇಕು. ರಿಪೇರಿ ಮಾಡಿಸುತ್ತಾ ಇರಬೇಕು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಿಸುವುದಕ್ಕೇ ಎಷ್ಟಾಗುತ್ತದೆ ಅಂತ ನಿಮಗೆ ಗೊತ್ತು. ಮನೆ ಇನ್ನೂ 20 ವರ್ಷ ಬಾಳುತ್ತದೆ ಅಂತ ಬ್ಯಾಂಕಿನ ಇಂಜಿನಿಯರ್ ಒಪ್ಪಬೇಕು. ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡುವ ಹಾಗಿಲ್ಲ. ಇನ್ನೊಂದು ಮುಖ್ಯ ವಿಷಯ: ಮಗನ ಮನೆಗೆ ಹೋದವರು ಮೊಮ್ಮಗನ ಶಾಲೆ, ಕಣ್ಣಿನ ಆಪರೇಷನ್ ಅಂತ ಅಲ್ಲೇ ಒಂದು ವರ್ಷ ಉಳಿದುಬಿಟ್ಟರೆ ಬ್ಯಾಂಕ್ ಸಾಲ ವಾಪಸು ಕೇಳಬಹುದು. ಅಂದರೆ ಈ ಸಾಲವೂ ಬೆಂಗಳೂರೂ ಎರಡೂ ಒಟ್ಟಿಗೆ ಆಗುವ ಮಾತಲ್ಲ.

ನನ್ನನ್ನು ಕೇಳಿದರೆ ನಿಮಗೆ ಬೇರೆಯೇ ದಾರಿ ಇದೆ. 18 ಸೆಂಟ್ ಅಂದಿರಿ. ಇಬ್ಬರು ವಯಸ್ಸಾದವರಿಗೆ ಹತ್ತು ಸೆಂಟ್ ಧಾರಾಳ ಸಾಕು. ರಸ್ತೆಯ ಕಡೆ ಎಂಟು ಸೆಂಟ್ ಅಳೆಸಿ ಮಾರಿದರೆ, ಸೆಂಟಿಗೆ ಎರಡು ಲಕ್ಷದ ಲೆಕ್ಕದಲ್ಲಿ 16 ಲಕ್ಷ. (ದರ ನಾನು ಲೆಕ್ಕಕ್ಕೆ ಹಿಡಿದದ್ದು, ನಿಮ್ಮ ಜಾಗದ್ದನ್ನು ಬ್ರೋಕರನ ಬಾಯಿಂದಲ್ಲ, ಇತ್ತೀಚೆಗೆ ಅಲ್ಲೇ ಮಾರಿದವರ ಹತ್ತಿರ ಕೇಳಿ.) ಅದನ್ನು ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿನಲ್ಲಿ ಇಬ್ಬರ ಹೆಸರಲ್ಲಿ ಇಟ್ಟರೆ ಈಗಿನ ಶೇಕಡಾ 8.2 ಬಡ್ಡಿಗೆ ಮೂರು ತಿಂಗಳಿಗೊಮ್ಮೆ 32,800 ಬರುತ್ತದೆ. ತಿಂಗಳಿಗೆ ಹತ್ತಿರ ಹತ್ತಿರ 11 ಸಾವಿರ, ಬ್ಯಾಂಕ್ ಕೊಡುವ 4,800ರ ಎರಡರಷ್ಟಕ್ಕಿಂತ ಜಾಸ್ತಿ. ಅಸಲು ಹಾಗೇ ಇರುತ್ತದೆ, ಮನೆಯ ಮೇಲೆ ಸಾಲವಿಲ್ಲ, ಬೆಂಗಳೂರಿಗೆ ಎಷ್ಟು ದಿನ ಬೇಕಾದರೂ ಹೋಗಿ ಬರಬಹುದು. ಅವಧಿ ಐದು ವರ್ಷ, ಆಮೇಲೆ ಮುಂದುವರಿಸಬಹುದು.

ಮಾರುವ ಮೊದಲು ವಿಲೇಜ್ ಆಫೀಸಿನ ದಾಖಲೆ ನೋಡಿಸಿ. ಕಾಗದದಲ್ಲಿ ಅದು ಇನ್ನೂ ಗದ್ದೆ ಅಂತಲೇ ಇದ್ದರೆ ಕೇರಳದ 2008ರ ಗದ್ದೆ ಸಂರಕ್ಷಣಾ ಕಾನೂನಿನಿಂದಾಗಿ ತೆಗೆದುಕೊಂಡವನಿಗೆ ಮನೆ ಕಟ್ಟಲು ತೊಡಕು, ನಿಮಗೆ ಬೆಲೆ ಬರುವುದಿಲ್ಲ. ಮಾರಿದ ಹಣಕ್ಕೆ ತೆರಿಗೆ ಎಷ್ಟು ಅಂತ ಒಬ್ಬ ಆಡಿಟರರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಮಗನ ಮಾತಿಗೆ ಒಪ್ಪಿ ಎಲ್ಲ ಮಾರುವುದಂತೂ ಬೇಡವೇ ಬೇಡ. ಅವನು ಕೆಟ್ಟವನು ಅಂತಲ್ಲ. ಅಲ್ಲಿ ಹೊಂದಿಕೆ ಆಗದಿದ್ದರೆ ವಾಪಸು ಬರುವುದಕ್ಕೆ ಒಂದು ಬಾಗಿಲು ಬೇಕಲ್ಲ. ಒಂದು ವೇಳೆ ಭಾವ ಮನಸ್ಸು ಕರಗಿ ಮನೆಯನ್ನು ಅವನ ಹೆಸರಿಗೆ ದಾನಪತ್ರ ಮಾಡುತ್ತೇನೆ ಅಂದರೂ, ನಿಮ್ಮಿಬ್ಬರನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಆ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ನಿನಡಿ, ನೋಡಿಕೊಳ್ಳದಿದ್ದರೆ ಅಂಥ ದಾನವನ್ನು ರದ್ದು ಮಾಡಿಸಬಹುದು.

ಜಾಗ ಮಾರಲು ಭಾವ ಸುತಾರಾಂ ಒಪ್ಪದೆ ರಿವರ್ಸ್ ಮಾರ್ಟ್‌ಗೇಜೇ ಆಗಬೇಕು ಅಂದರೆ, ಮಾಡಿ, ಅದೇನು ಪಾಪವಲ್ಲ. ಇಬ್ಬರ ಸಹಿ ಇರಲಿ. ತಿಂಗಳಿಗೆ ಎಷ್ಟು, ಎಷ್ಟು ವರ್ಷ, ಬಡ್ಡಿ ಬದಲಾಗುತ್ತದಾ ಇಲ್ಲವಾ, ಇದನ್ನೆಲ್ಲ ಬರವಣಿಗೆಯಲ್ಲಿ ಕೇಳಿ. ಕಾಗದಗಳು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಓದಬಲ್ಲವರನ್ನು ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಿ. ಸಹಿ ಹಾಕಿದ ಮೇಲೂ ಬೇಡ ಅನ್ನಿಸಿದರೆ ರದ್ದು ಮಾಡಲು ಮೂರು ಕೆಲಸದ ದಿನ ಅವಕಾಶ ಇರುತ್ತದೆ. ಮಕ್ಕಳಿಗೆ ಮಾತ್ರ ಸಹಿಗೆ ಮೊದಲೇ ಹೇಳಿ, ಇಬ್ಬರಿಗೂ ಒಂದೇ ದಿನ. ಮಗಳನ್ನು ಮೊದಲು ಕೇಳಿ ನೋಡಿ. ಅವಳು ಸುಮ್ನೆ ಇರುವುದು ತನಗೆ ಮಾತಾಡುವ ಹಕ್ಕಿಲ್ಲ ಅಂದುಕೊಂಡೂ ಇರಬಹುದು.