ಬಾಟಲಿ ಸುರಿಯುವ ಮೊದಲು ಇದನ್ನು ನೋಡಿ

ನಮಸ್ಕಾರ. 70 ಸಾವಿರ ಕಿ.ಮೀ. ಓಡಿದ ಟರ್ಬೊ ಪೆಟ್ರೋಲ್ ಕಾರು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಗುತ್ತದೆ, ಬಂಕಿನಲ್ಲಿ ಮಾರುವ ಕ್ಲೀನರ್ ಟ್ಯಾಂಕಿಗೆ ಹಾಕಿದರೆ ಎಂಜಿನ್ ಒಳಗಿನ ಕಾರ್ಬನ್ ಮಸಿ ಹೋಗುತ್ತಾ ಅಂತ ಕೇಳಿದ್ದೀರಿ. ಡೈರೆಕ್ಟ್ ಇಂಜೆಕ್ಷನ್ ಅಂತಲೂ ಬರೆದಿದ್ದೀರಿ. ವಿಷಯ ಇರುವುದು ಅಲ್ಲೇ.

ಪೋರ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್, ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್‌ನ ಬೆನ್ನಿಗೆ ಬೀಳುತ್ತದೆ. ಅದರಲ್ಲಿ ಬೆರೆತ ಕ್ಲೀನರ್ ವಾಲ್ವನ್ನೂ ತೊಳೆಯುತ್ತದೆ. ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಹೋಗುತ್ತದೆ. ವಾಲ್ವ್‌ನ ಬೆನ್ನಿಗೆ ತಾಗುವುದು ಮುಖ್ಯವಾಗಿ ಕ್ರ್ಯಾಂಕ್‌ಕೇಸ್‌ನಿಂದ, ಅಂದರೆ ಎಂಜಿನ್‌ನ ಕೆಳಭಾಗದ ಗೂಡಿನಿಂದ ಬರುವ ಎಣ್ಣೆ ಹಬೆ. ಅದೇ ಬಿಸಿಗೆ ಬೆಂದು ಗಟ್ಟಿ ಮಸಿ ಆಗುತ್ತದೆ. ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದರೂ ಆ ಮಸಿ ಕದಲುವುದಿಲ್ಲ.

ಹಾಗಂತ ಬಾಟಲಿ ಪೂರ್ತಿ ದಂಡ ಅಲ್ಲ. ಪಾಲಿಈಥರ್‌ಅಮೀನ್, ಅಂದರೆ ಪಿಇಎ ಅನ್ನುವ ಮಸಿ ತೊಳೆಯುವ ರಾಸಾಯನಿಕ ಇರುವುದನ್ನೇ ತಗೊಳ್ಳಿ. ಇಂಜೆಕ್ಟರ್ ತುದಿ, ಪಿಸ್ಟನ್ ತಲೆಯ ಮೇಲಿನ ಮಸಿ ಕಮ್ಮಿಯಾಗುತ್ತದೆ. ಲೇಬಲ್ ಮೇಲಿನ ಅಳತೆ ಮೀರಬೇಡಿ.

ಆದರೆ ಮೊದಲು ಕಾರಿನ ಕಂಪ್ಯೂಟರ್‌ನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್ (ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಪಿ0302 ಅಂದರೆ ಎರಡನೆಯದು. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಸೋತರೂ ಹೀಗೇ ನಡುಗುತ್ತದೆ ಅಲ್ವಾ? ಸುಮ್ನೆ ಮಸಿಯನ್ನೇ ದೂರಿ ದುಡ್ಡು ಕಳೆದುಕೊಳ್ಳಬೇಡಿ.

ಅವು ಸರಿ ಇದ್ದರೆ ಒಳಗೆ ತೂರಿಸಿ ನೋಡುವ ಬೋರ್‌ಸ್ಕೋಪ್ ಕ್ಯಾಮೆರಾದಲ್ಲಿ ವಾಲ್ವ್ ತೋರಿಸಿ ಅಂತ ಗ್ಯಾರೇಜಿನವರನ್ನು ಕೇಳಿ. ಮಸಿ ದಪ್ಪಗಿದ್ದರೆ ವಾಲ್‌ನಟ್ ಬ್ಲಾಸ್ಟಿಂಗ್ ಮಾಡಿಸಿ. ಎಂಜಿನ್‌ಗೆ ಗಾಳಿ ತರುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರೆ. ಮಸಿ ಉದುರುತ್ತದೆ, ಲೋಹ ಉಳಿಯುತ್ತದೆ. ಪುಡಿ ಹೊಡೆಯುವಾಗ ಆ ಸಿಲಿಂಡರ್‌ನ ವಾಲ್ವ್ ಪೂರ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಪುಡಿ ಒಳಗೆ ಬೀಳುತ್ತದೆ. ಈ ಕೆಲಸ ಮೊದಲು ಮಾಡಿದ್ದೀರಾ ಅಂತ ಕೇಳಿಯೇ ಕಾರು ಬಿಡಿ.